ವೈಂಡಿಂಗ್ ಪುಸ್ತಕದ ಹಿಂಬದಿ

ಅಪ್ಪನ ಪುಸ್ತಕದಲ್ಲಿ ಮುಂದಿನಿಂದ ಸುಟ್ಟ ಮೋಟಾರುಗಳು:
ಏಳೂವರೆ ಎಚ್‌ಪಿ, ಇಪ್ಪತ್ತನಾಲ್ಕು ಸ್ಲಾಟು,
ಸುತ್ತು ಇಷ್ಟು, ತಂತಿಯ ಗೇಜು ಇಷ್ಟು,
ಪಾರ್ಟಿ ಕೈವಾರದ ಸೊಣ್ಣಪ್ಪ, ಅಡ್ವಾನ್ಸು ಐನೂರು.
ಅದನ್ನೇ ಮಗುಚಿ ಹಿಂದಿನಿಂದ ನಾನು ಬರೆದೆ:
ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಗ್ರಾಫಿಕ್ಸ್ ಕಾರ್ಡು, ಎಸ್‌ಎಂಪಿಎಸ್.
ಎಲ್ಲದರ ಮುಂದೆಯೂ ಪ್ರಶ್ನೆಯ ಕೊಕ್ಕೆ.

ಚಿಂತಾಮಣಿಯ ಚೇಳೂರು ರಸ್ತೆ. ನಮ್ಮ ಅಂಗಡಿಯ
ವಾರ್ನಿಶ್ ವಾಸನೆ ಬುತ್ತಿಯ ಅನ್ನಕ್ಕೂ ಹತ್ತುತ್ತೆ.
ಸಾವಿರದಿನ್ನೂರು ಅಡಿಯಿಂದ ಮೇಲೆ ಬಂದ ಮೋಟಾರನ್ನು
'ಕಾಲಿಪೋಯಿಂದಿ ಆಚಾರಿ' ಎನ್ನುತ್ತ
ಸತ್ತ ಕೋಣದ ಹಾಗೆ ಟೆಂಪೋದಿಂದ ಇಳಿಸುತ್ತಾರೆ.
ಕಾಯಿಲು ಸುತ್ತಿದ ನನ್ನ ಕೂಲಿ ಎರಡು ವರ್ಷ ಚೀಟಿಗೆ ಹೋಗಿ
ಎತ್ತಿದಾಗ ಐವತ್ತೆಂಟು ಸಾವಿರ.
ಬೊಂಬೆ ಬರೆದು ಓಡಿಸಬೇಕು ನಾನು, ತೆರೆಯ ಮೇಲೆ.
ಫೋನಿನಲ್ಲಾದರೆ ಬೊಂಬೆ ಒಂದು ಕೈ ಎತ್ತುವಷ್ಟರಲ್ಲಿ
ಫೋನು ದೋಸೆ ಕಾವಲಿ.

ಈ ಪ್ರೊಸೆಸರ್ ಅಂದರೆ ಆ ಬೋರ್ಡು ಆಗದು,
ಆ ಬೋರ್ಡು ಅಂದರೆ ಕಾರ್ಡಿಗೆ ದುಡ್ಡು ಉಳಿಯದು.
'ಸಂಬಂಧ ನೋಡ್ತಿದೀಯೇನೇ ಕಾಳಿಕಾ?' ಅಂತ
ಇಣುಕಿ ನಕ್ಕಳು ಅತ್ತೆ.
ಅದಾದರೆ ಹೋಗ್ತಾ ಹೋಗ್ತಾ ಒಗ್ಗಿಕೊಳ್ಳುತ್ತೆ ಅಂತೀರಲ್ಲ ಅತ್ತೆ,
ಸಾಕೆಟ್ಟು ಒಗ್ಗಿಕೊಳ್ಳಲ್ಲ.

ಡಬ್ಬ ಮಾತ್ರ ಪುಕ್ಕಟೆ,
ಜೆರಾಕ್ಸ್ ಅಂಗಡಿ ಮುಚ್ಚಿದ ಷಫೀಉಲ್ಲಾ ಕೊಟ್ಟಿದ್ದು.
ಅಪ್ಪ ಅದರೊಳಗೆ ಸ್ಟೀಲ್ ಸ್ಕೇಲು ಇಳಿಸಿದ: ಇಪ್ಪತ್ತೆಂಟು ಸೆಂಟಿ.
ನಾನು ಆಸೆಪಟ್ಟ ಕಾರ್ಡು ಇಪ್ಪತ್ತೆಂಟೂ ಎರಡು ಮಿಲಿ.
ಆ ಎರಡು ಮಿಲಿಯನ್ನು ಇಬ್ಬರೂ ತುಂಬ ಹೊತ್ತು ನೋಡಿದೆವು.
ಆಮೇಲೆ ಅಡ್ಡಗೀಟು.

ಕಂಪನಿಯ ಹೆಸರು ಒಂದನ್ನೂ ಕೇಳಲಿಲ್ಲ ಅಪ್ಪ.
'ಎಲ್ಲಾ ಸೇರಿ ಎಷ್ಟು ವ್ಯಾಟು?'
ನಾನ್ನೂರು.
'ಏಳುವಾಗ ಜಾಸ್ತಿ ಎಳೆಯುತ್ತೆ. ಐನೂರೈವತ್ತರದ್ದು ತಗೋ.'

ಎಸ್‌ಪಿ ರೋಡಿನಲ್ಲಿ ಪಟ್ಟಿ ಮೀರಿದ್ದು ಒಂದೇ ಸಲ.
'ರ‍್ಯಾಮ್ ಹೊಸದು ಮೇಡಂ, ಆಫರಲ್ಲಿದೆ.'

ರಾತ್ರಿ ಸ್ಟೇಟರು ಸರಿಸಿ, ಬೆಂಚಿನ ಮೇಲೆ
ಇನ್ಸುಲೇಷನ್ ಪೇಪರು ಹಾಸಿಕೊಂಡೆ.
ಚಿಪ್ಪಿನ ಮೂಲೆಯ ತ್ರಿಕೋನ, ಬೋರ್ಡಿನ ತ್ರಿಕೋನ,
ಎದುರಿಗೆ ಎದುರು ಹಿಡಿದು ಬೆರಳು ಬಿಟ್ಟೆ.
ತನ್ನ ಭಾರಕ್ಕೆ ತಾನೇ ಇಳಿದು ಕೂತಿತು.
'ನೋಡಿದೆಯಾ, ಒತ್ತಬೇಕಾಗಿ ಬಂದರೆ ಅದರ ಜಾಗ ಅದಲ್ಲ.'
ಕಾಯಿಲಿಗೂ, ಚಪ್ಪಲಿಗೂ, ಅತ್ತೆಯ ಮದುವೆ ಮುರಿದಾಗಲೂ
ಅಪ್ಪ ಹೇಳಿದ್ದು ಇದೇ.

ರ‍್ಯಾಮ್ ಕೂರಲಿಲ್ಲ.
ಒತ್ತಬೇಡ, ಅಂದ ಅಪ್ಪ.
ಟಕ್ ಅನ್ನುವ ತನಕ ಒತ್ತಿ, ಅನ್ನುತ್ತಿತ್ತು ಚೀಟಿ.
ಎರಡರ ನಡುವೆ ನನ್ನ ಹೆಬ್ಬೆಟ್ಟು ಬೆವರಿತು.
ಟೆಸ್ಟ್ ಲ್ಯಾಂಪು ಹತ್ತಿರ ಹಿಡಿದರೆ, ಕಚ್ಚು
ಒಂದು ರಾಗಿ ಕಾಳಿನಷ್ಟು ಪಕ್ಕಕ್ಕೆ!
ತಂದದ್ದು ಐದನೇ ತಲೆಮಾರು, ಬೋರ್ಡು ನಾಲ್ಕನೆಯದು.

ಬೆಳಿಗ್ಗೆ ಮೊದಲ ಬಸ್ಸು.
ಬದಲಿಸಲು ಮುನ್ನೂರು ನಷ್ಟ,
ಮೇಲೆ ಅಂಗಡಿಯವನ ನಗು.

ಮತ್ತೆ ರಾತ್ರಿ. ಕಚ್ಚಿಗೆ ಕಚ್ಚು ಸರಿ,
ಆದರೆ ಇದೂ ಕೂರದು!
ನಿನ್ನೆಯ ತಪ್ಪು ಎಷ್ಟು ಗಟ್ಟಿಯಿತ್ತೋ
ಇವತ್ತಿನ ಸರಿಯೂ ಅಷ್ಟೇ ಗಟ್ಟಿ.
ಕೈಯ ಕೆಳಗೆ ಗೊತ್ತೇ ಆಗುವುದಿಲ್ಲ.
ಅಪ್ಪ ಬಗ್ಗಿ ಕಚ್ಚನ್ನು ನೋಡಿದ, ಎರಡು ಸಲ.
ನನ್ನ ಹೆಬ್ಬೆಟ್ಟಿನ ಮೇಲೆ
ವಾರ್ನಿಶ್ಶಿಗೆ ಕಪ್ಪಾದ ತನ್ನದನ್ನು ಇಟ್ಟ.
ಬೋರ್ಡು ಸ್ವಲ್ಪ ಬಳುಕಿತು, ನನ್ನ ಎದೆಯೂ.
ಟಕ್.
'ಇದಕ್ಕೆ ಒತ್ತಬೇಕು' ಅಂದ,
ಯಾರೋ ತನ್ನನ್ನು ತಿದ್ದಿದ ಹಾಗೆ, ಮೆಲ್ಲಗೆ.

ಸ್ವಿಚ್ಚು ಹಾಕಿದೆ. ಫ್ಯಾನು ತಿರುಗಿತು.
ಕಪ್ಪು ತೆರೆಯಲ್ಲಿ ಒಂದೇ ಬಿಳಿ ಸಾಲು:
ಒಳಗೆ ಇನ್ನೂ ಏನನ್ನೂ ತುಂಬಿಲ್ಲ ಅಂತ.
ಅಪ್ಪ ಅದನ್ನು ಓದಲಿಲ್ಲ. ಉದ್ದದ ಸ್ಕ್ರೂಡ್ರೈವರಿನ
ತುದಿ ಡಬ್ಬಕ್ಕೆ, ಹಿಡಿ ಕಿವಿಗೆ ಕೊಟ್ಟು
ಕಣ್ಣು ಮುಚ್ಚಿ ನಿಂತ.
'ಬೇರಿಂಗ್ ಚೆನ್ನಾಗಿದೆ.
ಬೆಂಚು ಖಾಲಿ ಮಾಡು, ಬೆಳಿಗ್ಗೆ ಸೊಣ್ಣಪ್ಪ ಬರ್ತಾನೆ.'